ಒಲೆಯ ಮೇಲೆ ಇಟ್ಟ ಪಟ

ನಾರಾಯಣಮ್ಮನ ಪಡಸಾಲೆಯ ಕಂಬಕ್ಕೆ ಒಂದು ಹಳೆಯ ಸೀರೆಯ ತುಂಡು ಕಟ್ಟಿರುತ್ತಿತ್ತು. ಅದರ ಇನ್ನೊಂದು ತುದಿ ಎರಡೂವರೆ ವರ್ಷದ ಮಗಳು ವರಲಕ್ಷ್ಮಿಯ ಸೊಂಟಕ್ಕೆ. ಆ ತುಂಡಿನ ಉದ್ದವನ್ನು ಅವಳು ಮೂರು ನಾಲ್ಕು ಸಲ ಕಟ್ಟಿ ಬಿಚ್ಚಿ ಗೊತ್ತುಮಾಡಿಕೊಂಡಿದ್ದಳು. ಮಗು ಕೈ ಚಾಚಿದರೆ ಅಮ್ಮನ ಬೆನ್ನು ಸಿಗಬೇಕು, ಅಮ್ಮನ ಮುಂದೆ ಕುದಿಯುವ ಬಾಂಡಲೆ ಸಿಗಬಾರದು.

ಬಾಂಡಲೆಯಲ್ಲಿ ಬೇಯುತ್ತಿದ್ದುದು ರೇಷ್ಮೆಗೂಡು. ಮೇಲೂರು, ಸಾದಲಿಯ ಕಡೆಯಿಂದ ರೈತರು ಬುಟ್ಟಿಗಳಲ್ಲಿ ಹೊತ್ತು ತಂದು ಶಿಡ್ಲಘಟ್ಟದಲ್ಲಿ ಮಾರಿ ಹೋಗುತ್ತಿದ್ದರು. ನಾರಾಯಣಮ್ಮ ಬಿಸಿನೀರಿನಲ್ಲಿ ಗೂಡುಗಳನ್ನು ಕಡ್ಡಿಯಿಂದ ತಿರುವಿ ತಿರುವಿ ಎಳೆ ಹಿಡಿದು, ಏಳೆಂಟು ಎಳೆಗಳನ್ನು ಸೇರಿಸಿ ಚರಕಕ್ಕೆ ಕೊಡುವಳು. ಅತ್ತ ಕಡೆ ಗಂಡ ಮುನಿವೆಂಕಟಪ್ಪ ರಾಟೆ ತಿರುಗಿಸುವನು. ಅದಕ್ಕೆ ಮುಂಚೆ ಅವನು ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಚಿಕ್ಕಬಳ್ಳಾಪುರದ ರೈಲ್ವೆ ಸ್ಟೇಷನ್ನಿಗೆ, ಚಿಂತಾಮಣಿಯ ಮಂಡಿಗೆ ಅವನ ಗಾಡಿ ಹೋಗದ ವಾರವಿರಲಿಲ್ಲ. ಲಾರಿಗಳು ಬಂದವು, ಒಂದು ದಿನದ ದಾರಿಯನ್ನು ಒಂದು ಗಂಟೆಯಲ್ಲಿ ಮುಗಿಸಿದವು, ಎತ್ತುಗಳನ್ನು ಯಾರೋ ಕೊಂಡು ಹೊಡೆದುಕೊಂಡು ಹೋದರು. ಬೀದಿಯ ಕತೆಯೆಲ್ಲ ಹೀಗೇ. ಕಂಬಳಿ ನೇಯುತ್ತಿದ್ದವನ ಮನೆಯಲ್ಲಿ ಈಗ ಚರಕ, ಕುಂಬಾರನ ಮನೆಯಲ್ಲಿ ಚರಕ, ಶಾಲೆಯ ಜವಾನನ ಮನೆಯ ಜಗುಲಿಯ ಮೇಲೂ ಒಂದು ಚರಕ. ಮುಂದೆ ಕಸುಬು, ಹಿಂದೆ ಸಂಸಾರ. ಬೆಳಗಾದರೆ ಯಾವುದು ಅಡುಗೆಯ ಹೊಗೆ, ಯಾವುದು ಗೂಡು ಬೇಯಿಸುವ ಹೊಗೆ ಎಂದು ಬೇರ್ಪಡಿಸಲು ಬರುತ್ತಿರಲಿಲ್ಲ.

"ಎತ್ತು ಹೊಡೀತಿದ್ದೋನು ನಾನೇ ಎತ್ತಾದೆ ನೋಡೇ," ಎಂದು ಮುನಿವೆಂಕಟಪ್ಪ ರಾಟೆ ತಿರುಗಿಸುತ್ತ ನಗುತ್ತಿದ್ದ. ನಾರಾಯಣಮ್ಮನಿಗೆ ಅದು ನಗುವ ಮಾತಾಗಿ ಕಾಣುತ್ತಿರಲಿಲ್ಲ. ಆದರೂ ಮನೆ ಬಿಟ್ಟು ಹೊರಗೆ ಹೋಗದೆ, ಮಗುವನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು ಮಾಡುವ ಕೆಲಸ ಇನ್ನಾವುದಿದೆ? ಇದಕ್ಕೆ ಮೊದಲು ಹುಟ್ಟಿದ ಗಂಡುಮಗುವನ್ನು ಕಳೆಕೀಳಲು ಹೋದ ಹೊಲದ ಬದುವಿನಲ್ಲಿ ಮಲಗಿಸಿ, ತಿರುಗಿ ಬರುವಷ್ಟರಲ್ಲಿ ಅದಕ್ಕೆ ಹಾವು ಮುಟ್ಟಿತ್ತು. ಆ ಮಾತನ್ನು ಅವಳು ಯಾರೊಂದಿಗೂ ಆಡುತ್ತಿರಲಿಲ್ಲ. ಕಂಬಕ್ಕೆ ಕಟ್ಟಿದ ಸೀರೆಯನ್ನು ಆಗಾಗ ಹಿಂತಿರುಗಿ ನೋಡುತ್ತಿದ್ದಳು, ಅಷ್ಟೆ.

ಅರುವತ್ತೊಂದನೇ ಇಸವಿಯ ಬೇಸಿಗೆ ಕಳೆಯುವ ಹೊತ್ತಿಗೆ ಊರಿನಲ್ಲಿ ಒಂದು ಸುದ್ದಿ ಹರಡಿತು. ಕಚೇರಿಯವರು ಮನೆ ಮನೆಗೆ ಬಂದು ಬರೆದುಕೊಳ್ಳುತ್ತಾರೆ. ಯಾರ ಮನೆಯಲ್ಲಿ ಬಾಂಡಲೆಯ ಒಲೆ ಕಂಡರೂ ಅವರನ್ನು ಎತ್ತಂಗಡಿ ಮಾಡಿ ಕೆರೆ ಏರಿಯ ಕೆಳಗಿನ ಬಯಲಿಗೆ ಹಾಕುತ್ತಾರೆ. ಊರೊಳಗೆ ಸಂಸಾರಸ್ಥರು ಮಾತ್ರ ಇರಬೇಕಂತೆ. ಸುದ್ದಿ ತಂದವನು ಗೂಡಿನ ದಲ್ಲಾಳಿ ನಲ್ಲಪ್ಪ. ಅವನು ಯಾವ ಸುದ್ದಿಯನ್ನೂ ಅರ್ಧಕ್ಕಿಂತ ಹೆಚ್ಚು ಕೇಳಿಸಿಕೊಂಡು ಬಂದವನಲ್ಲ. ಬೀದಿಯವರು ಮಾತ್ರ ಪೂರ್ತಿ ನಂಬಿದರು.

ಬೀದಿಯವರು ಬೂಬಮ್ಮ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಪ್ಯಾರೇಜಾನ್ ಒಬ್ಬಳು ತಲೆ ಕೆಡಿಸಿಕೊಳ್ಳಲಿಲ್ಲ. ನಾರಾಯಣಮ್ಮನ ಪಡಸಾಲೆಗೂ ಅವಳ ಕೆಲಸದ ಕೊಟ್ಟಡಿಗೂ ನಡುವೆ ಇದ್ದುದು ಒಂದೇ ಗೋಡೆ. ಅವಳದು ಮೂರು ಬಾಂಡಲೆ, ಗಂಡ ತೀರಿಹೋದ ಮೇಲೆ ಕೂಲಿಯವರನ್ನಿಟ್ಟುಕೊಂಡು ಒಬ್ಬಳೇ ನಡೆಸುತ್ತಿದ್ದ ಕಸುಬು. "ಏನು ಮುಚ್ಚಿಡೋದು ನಾರಾಯಣಮ್ಮಾ? ಈ ವಾಸನೆ ಮುಚ್ಚೋಕೆ ಆಗ್ತದಾ? ನನ್ನ ಸೀರೇಲಿ ಇದೆ, ನನ್ನ ಅನ್ನದಲ್ಲಿ ಇದೆ," ಎಂದು ಗೋಡೆಯ ಆಚೆಯಿಂದಲೇ ಹೇಳಿದಳು.

ನಾರಾಯಣಮ್ಮನಿಗೆ ಧೈರ್ಯ ಬರಲಿಲ್ಲ. ಕೆರೆ ಏರಿಯ ಕೆಳಗೆ ನೆರಳಿಲ್ಲ, ನೀರಿಗೆ ದೂರ, ಮಗುವನ್ನು ಕಟ್ಟಲು ಒಂದು ಕಂಬವೂ ಇಲ್ಲ. ಬರೆಯುವವರು ಬರುವ ದಿನ ಬೆಳಗ್ಗೆ ಎದ್ದವಳೇ ಗಂಡನಿಂದ ಚರಕದ ಕೀಲು ಬಿಚ್ಚಿಸಿ ಅಟ್ಟಕ್ಕೆ ಏರಿಸಿದಳು. ಬಾಂಡಲೆಯನ್ನು ಉಜ್ಜಿ ಅಡುಗೆಕೋಣೆಯಲ್ಲಿ ಬೋರಲು ಹಾಕಿದಳು. ಒಲೆಯ ಬಾಯಿಗೆ ಹಲಗೆ ಇಟ್ಟು, ಕೆಮ್ಮಣ್ಣು ಬಳಿದು, ಎಳೆ ಎಳೆಯಾಗಿ ರಂಗೋಲಿ ಬಿಟ್ಟು, ಗೋಡೆಯ ಮೇಲಿದ್ದ ವೆಂಕಟರಮಣನ ಪಟ ಇಳಿಸಿ ಅದರ ಮೇಲೆ ಕೂರಿಸಿದಳು. ಎರಡು ಕಣಗಿಲೆ ಹೂವು ಇಟ್ಟಳು. ಮನೆಯೆಲ್ಲ ಸಾಂಬ್ರಾಣಿ ಹಾಕಿದಳು.

"ದೇವ್ರಿಗೂ ಕೆಳಗಿಂದ ಕಾವು ಹತ್ತುತ್ತೆ ಕಣೇ, ನೆನ್ನೆ ಸಾಯಂಕಾಲದ ಕೆಂಡ ಇನ್ನೂ ಆರಿಲ್ಲ," ಎಂದ ಮುನಿವೆಂಕಟಪ್ಪ.

"ತಡ್ಕೋತಾನೆ ಬಿಡಿ. ನಾವು ತಡ್ಕೊಂಡಿಲ್ವಾ?" ಎಂದಳು ಅವಳು.

ಬಂದವರು ಕಚೇರಿಯ ಗುಮಾಸ್ತ ದಕ್ಷಿಣಾಮೂರ್ತಿಗಳು. ಐವತ್ತು ದಾಟಿದವರು, ನಾಲ್ಕು ಹೆಣ್ಣುಮಕ್ಕಳ ತಂದೆ, ಯಾರಿಗೂ ಕೆಡುಕು ಬಯಸದ ಮನುಷ್ಯ ಎಂದು ಊರಿನಲ್ಲಿ ಹೆಸರು. ಕಂಕುಳಲ್ಲಿ ಒಂದು ಉದ್ದನೆಯ ಪುಸ್ತಕ. ಅದರ ಹಾಳೆಯಲ್ಲಿ ಅಚ್ಚಾಗಿ ಬಂದಿದ್ದುದು ಎರಡೇ ಅಂಕಣ: ವಾಸ, ಕಸುಬು. ಈ ಊರಿನಲ್ಲಿ ಆ ಎರಡರಲ್ಲಿ ಒಂದಕ್ಕೆ ಮಾತ್ರ ಸೇರುವ ಬಾಗಿಲು ಸಿಗುವುದೇ ಕಷ್ಟವೆಂದು ಅವರೇ ಮೇಲಿನವರಿಗೆ ಬರೆದುಕೊಂಡಿದ್ದರಂತೆ. ಮೇಲಿನವರು, ಹಾಗಾದರೆ ಮೂರನೆಯ ಗೆರೆ ಎಳೆದುಕೊಳ್ಳಿ ಎಂದರಂತೆ. ಅವರು ಕೆಂಪು ಮಸಿಯಲ್ಲಿ ಕೈಯಿಂದ ಗೆರೆ ಎಳೆದು, ತಲೆಯ ಮೇಲೆ 'ಎರಡೂ' ಎಂದು ಬರೆದಿದ್ದರು. ಯಾವ ಅಂಕಣಕ್ಕೆ ಸೇರಿದರೆ ಏನಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಕಿವಿಗೂ ಬಿದ್ದಿದ್ದುದು ನಲ್ಲಪ್ಪನ ಸುದ್ದಿಯೇ.

ದಕ್ಷಿಣಾಮೂರ್ತಿಗಳು ಪಡಸಾಲೆಗೆ ಬಂದವರು ಪಟ ಕಂಡೊಡನೆ ಚಪ್ಪಲಿ ಬಿಟ್ಟು, ಹತ್ತಿರ ಹೋಗಿ, ಬಗ್ಗಿ, ಪಟದ ಅಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮುಟ್ಟಿದ ಕೈ ತಟ್ಟನೆ ಹಿಂದೆ ಬಂತು. ಹಲಗೆ ಕಾದು ಸುಡುತ್ತಿತ್ತು. ಸಾಂಬ್ರಾಣಿಯ ಅಡಿಯಿಂದ ಬೆಂದ ಹುಳುವಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಾರಾಯಣಮ್ಮ ಮಜ್ಜಿಗೆಯ ಲೋಟ ಚಾಚಿದಾಗ ಅವಳ ಬೆರಳುಗಳನ್ನು ನೋಡಿದರು. ಬಿಸಿನೀರಿನಲ್ಲಿ ನೆನೆದು ನೆನೆದು ಬಿಳಿಚಿ ಸುಕ್ಕಾದ ಬೆರಳು. ಆ ಬೆರಳಿಗೆ ಎಷ್ಟು ರಂಗೋಲಿ ಮೆತ್ತಿದ್ದರೂ ಅದು ಯಾವ ಕೆಲಸದ ಕೈಯೆಂದು ಈ ಊರಿನ ಮಗುವೂ ಹೇಳುತ್ತಿತ್ತು.

ಅವರು ಕಂಬವನ್ನು ನೋಡಿದರು, ಸೀರೆಯ ತುಂಡನ್ನು ನೋಡಿದರು, ಅದರ ತುದಿಯಲ್ಲಿ ಕೂತು ತಮ್ಮ ಛತ್ರಿಯನ್ನೇ ನೋಡುತ್ತಿದ್ದ ಮಗುವನ್ನು ನೋಡಿದರು. ಮಜ್ಜಿಗೆ ಕುಡಿದು ಮುಗಿಸಿ, ಪುಸ್ತಕ ಬಿಚ್ಚಿ, ವರ ಕೊಡುವವರ ಧ್ವನಿಯಲ್ಲಿ ಹೇಳಿದರು: "ವಾಸ ಅಂತಲೇ ಬರೀತೀನಮ್ಮ. ಹೆದರಬೇಡ."

ನಾರಾಯಣಮ್ಮ ಅವರ ಕಾಲಿಗೆ ಬೀಳಲು ಹೋದಳು. ಅವರು ಬೇಡವೆಂದು ಹಿಂದೆ ಸರಿದು, ಛತ್ರಿ ಎತ್ತಿಕೊಂಡು ಪಕ್ಕದ ಮನೆಗೆ ಹೋದರು.

ಪಕ್ಕದ ಮನೆಯಲ್ಲಿ ಮೂರು ಬಾಂಡಲೆಯೂ ಕುದಿಯುತ್ತಿದ್ದವು. ನೀರಿಗೆ ಬಿದ್ದ ಗೂಡನ್ನು ಅರ್ಧಕ್ಕೆ ಬಿಟ್ಟು ಏಳುವ ಹಾಗಿಲ್ಲ, ಎದ್ದರೆ ಅಷ್ಟೂ ಕೆಡುತ್ತದೆ. ಪ್ಯಾರೇಜಾನ್ ಕೂತಲ್ಲಿಂದಲೇ, ಕೈ ನೀರಿನಲ್ಲಿಟ್ಟುಕೊಂಡೇ, ಮಲಗುವುದೂ ಇಲ್ಲೇ, ಉಣ್ಣುವುದೂ ಇಲ್ಲೇ, ದುಡಿಯುವುದೂ ಇಲ್ಲೇ, ಏನು ಬೇಕಾದರೂ ಬರೆದುಕೊಳ್ಳಿ ಎಂದಳು. ಇಲ್ಲಿ ಕೃಪೆ ತೋರಲು ದಕ್ಷಿಣಾಮೂರ್ತಿಗಳಿಗೆ ಜಾಗವೇ ಇರಲಿಲ್ಲ. ನಿಟ್ಟುಸಿರು ಬಿಟ್ಟು 'ಎರಡೂ' ಎಂಬ ಕೆಂಪು ಗೆರೆಯ ಕೆಳಗೆ ಗುರುತು ಹಾಕಿದರು. ನಾರಾಯಣಮ್ಮ ಗೋಡೆಯ ಈಚೆ ನಿಂತು ಅದನ್ನೆಲ್ಲ ಕೇಳಿಸಿಕೊಂಡು, ಪಾಪ ಬೂಬಮ್ಮ ಕೆಟ್ಟಳು ಎಂದು ಕಣ್ಣೊರೆಸಿಕೊಂಡಳು.

ಆಷಾಢದಲ್ಲಿ ಮೇಲಿನಿಂದ ಕಾಗದ ಬಂತು. ಯಾರನ್ನೂ ಎಲ್ಲಿಗೂ ಎತ್ತಿಹಾಕುತ್ತಿರಲಿಲ್ಲ. ಕಸುಬೇ ಮನೆಯೊಳಗೆ ಬಂದು ಕೂತಿರುವ ಊರಿನಲ್ಲಿ ಎರಡನ್ನೂ ಕಿತ್ತು ಬೇರೆ ಮಾಡುವುದು ಆಗದ ಮಾತೆಂದು ಮೇಲಿನವರಿಗೂ ಗೊತ್ತಾಗಿತ್ತು. 'ಎರಡೂ' ಎಂದು ಬರೆದ ಮನೆಗಳು ಇದ್ದಲ್ಲೇ ಇದ್ದು ಕಸುಬು ನಡೆಸಬಹುದು. ಅವರಿಗೆ ಗೂಡು ಕೊಳ್ಳುವ ಲೈಸೆನ್ಸು. 'ವಾಸ' ಎಂದು ಬರೆದ ಮನೆಗಳಲ್ಲಿ ಬಾಂಡಲೆ ಹೂಡಕೂಡದು. ಅವರಿಗೆ ಗೂಡು ಮಾರಿದವರಿಗೂ ದಂಡ.

ನಾರಾಯಣಮ್ಮನಿಗೆ ಇದು ತಿಳಿದದ್ದು ಗೂಡು ಕೊಳ್ಳಲು ಹೋದ ಗಂಡ ಬರಿಯ ಬುಟ್ಟಿ ಹಿಡಿದು ತಿರುಗಿ ಬಂದಾಗ. ಅವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನೇರ ಕಚೇರಿಗೆ ಹೋದಳು. ದಕ್ಷಿಣಾಮೂರ್ತಿಗಳು ಅವಳನ್ನು ಕಂಡು ಕುರ್ಚಿಯಿಂದ ಎದ್ದರು. ಹೆಂಗಸೊಬ್ಬಳು ಬಂದಳೆಂದು ಆ ಕಚೇರಿಯಲ್ಲಿ ಎದ್ದು ನಿಂತವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

"ನಿನ್ನ ಉಳಿಸ್ತಿದೀನಿ ಅಂದ್ಕೊಂಡೆನಮ್ಮ," ಎಂದರು.

ಅದನ್ನು ಅಳಿಸಿ ಪಕ್ಕದ ಗೆರೆಯ ಕೆಳಗೆ ಬರೆಯಿರಿ ಎಂದಳು ಅವಳು. ಪುಸ್ತಕ ಹೊಲಿಗೆಯಾಗಿ, ಮೊಹರು ಬಿದ್ದು, ಮೇಲಿನ ಕಚೇರಿಗೆ ಹೋಗಿ ತಿಂಗಳಾಗಿದೆ ಎಂದರು ಅವರು. ಒಂದೇ ದಾರಿ ಇದೆ, ಮರುತನಿಖೆಗೆ ಅರ್ಜಿ. ಇನ್ಸ್‌ಪೆಕ್ಟರು ಬಂದಾಗ ಒಲೆ ಉರಿಯುತ್ತಿರಬೇಕು, ಬಾಂಡಲೆಯಲ್ಲಿ ಗೂಡು ಬೇಯುತ್ತಿರಬೇಕು, ಚರಕದ ಮೇಲೆ ನೂಲು ಕಾಣಬೇಕು. ಅರ್ಜಿಯನ್ನು ತಮ್ಮ ಕೈಯಿಂದಲೇ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಲೈಸೆನ್ಸಿಲ್ಲದೆ ಗೂಡು ಸಿಗದು, ಗೂಡಿಲ್ಲದೆ ಏನು ಬೇಯಿಸಿ ತೋರಿಸಲಿ ಎಂದು ಅವಳು ಕೇಳಿದಾಗ, ಅವರು ಮಸಿ ಕುಡಿಕೆಯ ಮುಚ್ಚಳ ತಿರುಗಿಸುತ್ತ ಕೂತರು.

ಗೂಡು ಕೊಟ್ಟವಳು ಪ್ಯಾರೇಜಾನ್. ಸಿಕ್ಕಿಬಿದ್ದರೆ ತನ್ನ ಲೈಸೆನ್ಸೂ ಹೋಗುತ್ತದೆಂದು ಗೊತ್ತಿದ್ದೂ, ಸೋಮವಾರ ಕೊಂಡ ಗೂಡಿನಲ್ಲಿ ಒಂದು ಬುಟ್ಟಿ ಹಿತ್ತಿಲ ಗೋಡೆಯ ಮೇಲಿಂದ ಇಳಿಸಿದಳು. ಇನ್ಸ್‌ಪೆಕ್ಟರು ಮಂಗಳವಾರ ಬರುತ್ತಾರೆಂದು ಮಾತಾಗಿತ್ತು.

ಮಂಗಳವಾರ ಒಲೆ ಹಚ್ಚಿ ಕೂತರು. ಮುನಿವೆಂಕಟಪ್ಪ ಚರಕ ಇಳಿಸಿ ಕೀಲು ಹೂಡಿ, ಹಿಡಿಗೆ ಎಣ್ಣೆ ಬಿಟ್ಟು ಕಾದ. ನೀರು ಕುದಿದು ಬತ್ತಿತು. ಮತ್ತೆ ನೀರು ಹುಯ್ದರು. ಯಾರೂ ಬರಲಿಲ್ಲ. ಬುಧವಾರ ಬಂದೇ ಬರುತ್ತಾರೆಂದು ದಕ್ಷಿಣಾಮೂರ್ತಿಗಳು ಹೇಳಿ ಕಳಿಸಿದರು. ಗೂಡನ್ನು ನೀರಿಗೆ ಹಾಕಿದರೆ ನೂಲಾಗಿ ಮುಗಿದುಹೋಗುತ್ತದೆ, ಆಮೇಲೆ ತೋರಿಸಲು ಇಲ್ಲ. ಹಾಕದೆ ಇಟ್ಟರೆ ಒಳಗಿರುವ ಹುಳು ಸುಮ್ಮನಿರುವುದಿಲ್ಲ. ಸಾಮಾನ್ಯವಾಗಿ ಬಿಸಿಲಿಗೆ ಹರವಿ ಹುಳು ಸಾಯಿಸುತ್ತಾರೆ. ಆ ವಾರ ಮೋಡ ಕವುಚಿಕೊಂಡು ಜಿನುಗುತ್ತಲೇ ಇತ್ತು. ಆವಿಗೆ ಹಿಡಿದರೂ ಒಣಗಿಸಲು ಬಿಸಿಲು ಬೇಕು, ಇಲ್ಲದಿದ್ದರೆ ಬೂಸಲು. ಬುಧವಾರ, ಗುರುವಾರ, ಶುಕ್ರವಾರ. ನಾರಾಯಣಮ್ಮ ಒಂದೊಂದು ಗೂಡನ್ನೂ ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದಳು.

"ಇವತ್ತು ನೂಲು ಬಿಚ್ಚಿಬಿಡಣ ಕಣೇ, ಬೂಬಮ್ಮನ ಮಾಲಾದ್ರೂ ಉಳೀಲಿ," ಎಂದ ಮುನಿವೆಂಕಟಪ್ಪ ಶನಿವಾರ.

"ನಾಳೆ ಬಂದ್ರೆ?"

ಇಬ್ಬರೂ ಬುಟ್ಟಿಯನ್ನು ನೋಡುತ್ತ ಕೂತರು.

ಭಾನುವಾರ ಬೆಳಗ್ಗೆ ಮೊದಲು ಕಂಡವಳು ಮಗು. "ಅಮ್ಮ, ಚಿಟ್ಟೆ," ಎಂದಳು. ಬುಟ್ಟಿಯ ಮೇಲಿನ ಬಟ್ಟೆ ಕದಲುತ್ತಿತ್ತು. ಬಟ್ಟೆ ತೆಗೆದರೆ ಒಳಗೆ ಗೂಡುಗಳ ತುದಿ ನೆನೆದು ತೂತಾಗಿ, ಬೂದುಬಿಳಿಯ ಚಿಟ್ಟೆಗಳು ಒಂದರ ಮೇಲೊಂದು ಹತ್ತಿ ರೆಕ್ಕೆ ಬಡಿಯುತ್ತಿದ್ದವು. ತೂತಾದ ಗೂಡಿನಿಂದ ಎಳೆ ಬರುವುದಿಲ್ಲ. ಹಾರಲು ಬಾರದ ಆ ಚಿಟ್ಟೆಗಳು ಬುಟ್ಟಿಯಿಂದ ಉರುಳಿ, ಪಡಸಾಲೆಯ ನೆಲದ ಮೇಲೆಲ್ಲ ತೆವಳಿ, ಸೋಮವಾರದ ಹೊತ್ತಿಗೆ ಕಂಡಕಂಡಲ್ಲಿ ಸಾಸಿವೆಯ ಹಾಗೆ ಮೊಟ್ಟೆ ಇಟ್ಟವು.

ಇನ್ಸ್‌ಪೆಕ್ಟರು ಸೋಮವಾರ ಬಂದರು. ದಕ್ಷಿಣಾಮೂರ್ತಿಗಳು ಹಿಂದೆ ಛತ್ರಿ ಹಿಡಿದು ಬಂದರು. ಒಲೆ ಆರಿತ್ತು. ಚರಕದ ಮೇಲೆ ನೂಲಿರಲಿಲ್ಲ. ಇನ್ಸ್‌ಪೆಕ್ಟರು ಒಂದು ಚಿಟ್ಟೆಯನ್ನು ಬೂಟಿನ ತುದಿಯಿಂದ ಸರಿಸಿ, ಇಲ್ಲಿ ಮೊಟ್ಟೆ ತಯಾರು ಮಾಡುತ್ತೀರಾ ಎಂದು ಕೇಳಿದರು. ಮೊಟ್ಟೆಗೆ ಬೇರೆ ಲೈಸೆನ್ಸು, ಅದಿಲ್ಲದೆ ಮಾಡಿದರೆ ಕೇಸು. ಗೂಡು ಎಲ್ಲಿಂದ ಬಂತೆಂದೂ ಕೇಳಿದರು. ನಾರಾಯಣಮ್ಮ ಗೋಡೆಯ ಕಡೆ ನೋಡದೆ ಇರಲು ಬಹಳ ಕಷ್ಟಪಟ್ಟಳು. ಗೋಡೆಯ ಆಚೆ ಮೂರು ರಾಟೆಗಳೂ ಒಮ್ಮೆಗೇ ನಿಂತಿದ್ದವು.

"ದಾರೀಲಿ ಬಿದ್ದಿತ್ತು ಸ್ವಾಮಿ," ಎಂದಳು. ಅದಕ್ಕಿಂತ ಒಳ್ಳೆಯ ಸುಳ್ಳು ಅವಳಿಗೆ ಹೊಳೆಯಲಿಲ್ಲ.

ದಕ್ಷಿಣಾಮೂರ್ತಿಗಳು ಏನೋ ಹೇಳಲು ಬಾಯಿ ತೆರೆದರು, ಇನ್ಸ್‌ಪೆಕ್ಟರು ಕೈ ಎತ್ತಿದರು, ಅವರು ಬಾಯಿ ಮುಚ್ಚಿದರು. ಬಡವರು, ಕೇಸು ಬೇಡ ಎಂದು ಇನ್ಸ್‌ಪೆಕ್ಟರು ದೊಡ್ಡ ಮನಸ್ಸು ಮಾಡಿದರು. ಅರ್ಜಿಯ ಮೇಲೆ, ಕಸುಬು ನಡೆಯುತ್ತಿಲ್ಲ, ಮೊದಲು ಬರೆದದ್ದೇ ಸರಿ, ಎಂದು ಷರಾ ಬರೆದು ಹೋದರು. ಆ ಮನೆಯ ಮೇಲೆ ದಯೆ ತೋರಿದವರು ಅವರು ಎರಡನೆಯವರು.

ಮುನಿವೆಂಕಟಪ್ಪ ವಾರ ಕಳೆಯುವುದರೊಳಗೆ ಗೌರಿಬಿದನೂರಿನ ಕಡೆ ಹೋದ. ತೊಂಡೇಬಾವಿಯ ಸ್ಟೇಷನ್ನಿನಲ್ಲಿ ಮೂಟೆ ಇಳಿಸುವ ಕೆಲಸ ಸಿಕ್ಕಿತೆಂದು ಯಾರಿಂದಲೋ ಹೇಳಿ ಕಳಿಸಿದ. ಚರಕ ಮತ್ತೆ ಅಟ್ಟ ಸೇರಿತು. ನಾರಾಯಣಮ್ಮ ಪ್ಯಾರೇಜಾನಳ ಕೊಟ್ಟಡಿಯಲ್ಲಿ ಕೂಲಿಗೆ ಕೂತಳು. ಚಿಟ್ಟೆಯಾಗಿ ಹೋದ ಬುಟ್ಟಿಯ ಮಾತನ್ನು ಪ್ಯಾರೇಜಾನ್ ಒಂದು ದಿನವೂ ಎತ್ತಲಿಲ್ಲ. ಆದರೆ ಒಂದು ಮಾತನ್ನು ಮೊದಲೇ ಕಡ್ಡಿ ಮುರಿದಂತೆ ಹೇಳಿದಳು: ಮಗುವನ್ನು ಒಳಗೆ ತರಕೂಡದು. ಹಿಂದೊಮ್ಮೆ ಅವಳ ತಂಗಿಯ ಮಗು ಇದೇ ಕೊಟ್ಟಡಿಯಲ್ಲಿ ಬಾಂಡಲೆಗೆ ಬಿದ್ದಿತ್ತು. ಇಕ್ಕಟ್ಟಿನಲ್ಲಿ ಸಾಲಾಗಿ ಕುದಿಯುವ ಬಾಂಡಲೆಗಳ ನಡುವೆ ಕಟ್ಟಿಹಾಕಲು ಕಂಬವೂ ಇರಲಿಲ್ಲ. "ಬೈಯಿ, ಹೊಡಿ, ಇದೊಂದು ಕೇಳಬೇಡ ಬೇಟಿ," ಎಂದಳು.

ಮೊದಲ ದಿನ ನಾರಾಯಣಮ್ಮ ಮಗುವನ್ನು ತನ್ನ ಪಡಸಾಲೆಯ ಕಂಬಕ್ಕೆ ಕಟ್ಟಿ, ಮುಂದೆ ಒಂದಿಷ್ಟು ಹುರಿಗಡಲೆ ಇಟ್ಟು, ಬಾಗಿಲು ಎಳೆದುಕೊಂಡು ಬಂದು ಕೂತಳು. ಗೋಡೆಯ ಆಚೆ ಅಳು ಶುರುವಾಯಿತು. ಒಂದು ಗಳಿಗೆ ಜೋರಾಯಿತು, ಆಮೇಲೆ ನಿಂತಿತು. ಅತ್ತದ್ದಕ್ಕಿಂತ ನಿಂತದ್ದೇ ಅವಳಿಗೆ ತಾಳದಾಯಿತು. ನೀರಿಗೆ ಬಿದ್ದ ಗೂಡನ್ನು ಬಿಟ್ಟು ಏಳುವಂತಿಲ್ಲ. ಎಳೆಗಳು ಕೈಯಲ್ಲಿ ಒಂದರ ಹಿಂದೊಂದು ತುಂಡಾಗುತ್ತ ಹೋದವು. ಪ್ಯಾರೇಜಾನ್ ಸ್ವಲ್ಪ ಹೊತ್ತು ನೋಡಿದಳು. ತನ್ನ ಬಾಂಡಲೆಯ ಗೂಡು ಮುಗಿಸಿ, ಹಿತ್ತಿಲಿನಿಂದ ಹಾರೆ ತಂದು, ನಾರಾಯಣಮ್ಮ ಕೂತಿದ್ದ ಕಡೆ ಗೋಡೆಯ ಗಾರೆ ಕೆದಕಿ ಒಂದು ಇಟ್ಟಿಗೆ ಬೀಳಿಸಿದಳು.

ಆ ತೂತಿನಿಂದ ಕಾಣುತ್ತಿದ್ದುದು ಕಂಬ, ಕಂಬಕ್ಕೆ ಕಟ್ಟಿದ ಸೀರೆ, ಮೂಲೆಯಲ್ಲಿ ಒಲೆಯ ಮೇಲೆ ಇಟ್ಟ ಪಟ. ಮಗು ಕಾಣುತ್ತಿರಲಿಲ್ಲ, ಅವಳು ಗೋಡೆಗೆ ತೀರ ಹತ್ತಿರ ಕೆಳಗೆ ಆಡಿಕೊಳ್ಳುತ್ತಿದ್ದಳು. ಆದರೆ ಸೀರೆ ಎಳೆದಾಡುತ್ತಿತ್ತು. ಅಷ್ಟು ಸಾಕಾಯಿತು. ಅಂದಿನಿಂದ ನಾರಾಯಣಮ್ಮನ ಒಂದು ಕಣ್ಣು ಬಾಂಡಲೆಯ ಮೇಲೆ, ಇನ್ನೊಂದು ಕಣ್ಣು ತೂತಿನ ಮೇಲೆ. ಸೀರೆ ಬಿಗಿಯಾದರೆ ಮಗು ಬಾಗಿಲ ಕಡೆ ಹೋಗಿದೆ, ಸಡಿಲವಾದರೆ ಹತ್ತಿರ ಬಂದಿದೆ, ಬಹಳ ಹೊತ್ತು ಅಲುಗದಿದ್ದರೆ ನಿದ್ದೆ ಹೋಗಿದೆ. ನಿದ್ದೆಯೇ ಇರಬೇಕು ಎಂದು ಅಂದುಕೊಳ್ಳುವಳು.

ಕಾರ್ತಿಕ ಮಾಸದಲ್ಲಿ ದಕ್ಷಿಣಾಮೂರ್ತಿಗಳು ಲೈಸೆನ್ಸಿನ ಮನೆಗಳನ್ನು ಮರಳಿ ನೋಡಲು ಬಂದರು. ಪ್ಯಾರೇಜಾನಳ ಕೊಟ್ಟಡಿಯೊಳಗೆ ಎಲ್ಲವನ್ನೂ ನೋಡಿ, ಕೊನೆಗೆ ತೂತಿನ ಹತ್ತಿರ ಬಂದು ನಿಂತರು. ಹೊಸ ನಿಯಮ ಅವರ ಹೊಸ ಪುಸ್ತಕದ ಮೊದಲ ಹಾಳೆಯಲ್ಲೇ ಅಂಟಿಸಿತ್ತು: ಕಸುಬಿನ ಮನೆಗೂ ಬರಿಯ ವಾಸದ ಮನೆಗೂ ನಡುವೆ ಗೋಡೆ ಪೂರ್ತಿ ಇರಬೇಕು. ಅವರು ಬಗ್ಗಿ ತೂತಿನೊಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಏನಮ್ಮ ಬರೀಲಿ?" ಎಂದು ಕೇಳಿದರು, ತಿರುಗದೆಯೇ.

ನಾರಾಯಣಮ್ಮ ಎಳೆ ಬಿಡದೆ ಹೇಳಿದಳು: "ನನ್ನ ಕೇಳ್ಬೇಡಿ ಸ್ವಾಮಿ. ಹೋದ ಸಲ ನಾನು ತೋರಿಸಿದ್ದೂ ತಪ್ಪಾಯ್ತು, ನೀವು ಬರೆದಿದ್ದೂ ತಪ್ಪಾಯ್ತು."

ಪ್ಯಾರೇಜಾನ್ ಕಡ್ಡಿ ಆಡಿಸುವುದನ್ನು ನಿಲ್ಲಿಸಿ ಅವರ ಮುಖ ನೋಡಿದಳು. ಬರೆದರೆ ತೂತು ಮುಚ್ಚಿಸಬೇಕು. ಬರೆಯದೆ ಬಿಟ್ಟು ನಾಳೆ ಮೇಲಿನವರು ಬಂದು ಕಂಡರೆ ಪ್ಯಾರೇಜಾನಳ ಲೈಸೆನ್ಸಿಗೇ ಕುತ್ತು, ಆಗ ಎರಡು ಮನೆಯ ಒಲೆಯೂ ಆರುತ್ತದೆ. ದಕ್ಷಿಣಾಮೂರ್ತಿಗಳು ಪುಸ್ತಕ ಬಿಚ್ಚಿದರು, ಮುಚ್ಚಿದರು. ಮತ್ತೆ ಬಿಚ್ಚಿ, ಗೋಡೆಗೆ ಒರಗಿಸಿಟ್ಟುಕೊಂಡು, ಒಂದು ಸಾಲು ಬರೆದರು.

"ತೂತು ಮುಚ್ಚಿಸೋಕೆ ಹದಿನೈದು ದಿನ ವಾಯಿದೆ ಇರುತ್ತಮ್ಮ," ಎಂದರು. "ಅದಕ್ಕಿಂತ ಹೆಚ್ಚು ಕೊಡೋ ಅಧಿಕಾರ ನಂಗಿಲ್ಲ."

ಛತ್ರಿ ಅಲ್ಲೇ ಮರೆತು ಹೊರಟುಹೋದರು. ಯಾರೂ ಕರೆಯಲಿಲ್ಲ.

ಹದಿನೈದು ದಿನದಲ್ಲಿ ಗಂಡ ಬಂದರೂ ಬಂದಾನು, ಬರದಿದ್ದರೆ ಏನು ಮಾಡುವುದೆಂದು ನಾರಾಯಣಮ್ಮನಿಗೆ ತಿಳಿಯಲಿಲ್ಲ. ಬಾಂಡಲೆಯ ನೀರು ಕುದಿಯುತ್ತಿತ್ತು. ಬೆರಳುಗಳು ತಮ್ಮ ಪಾಡಿಗೆ ತಾವು ಎಳೆ ಹುಡುಕುತ್ತಿದ್ದವು. ತೂತಿನ ಆಚೆ ಸೀರೆ ಬಹಳ ಹೊತ್ತಿನಿಂದ ಅಲುಗಿರಲಿಲ್ಲ. ನೀರಿನಲ್ಲಿ ಇನ್ನೂ ಹತ್ತು ಹನ್ನೆರಡು ಗೂಡುಗಳು ಉಳಿದಿದ್ದವು. ಅವು ಮುಗಿಯುವವರೆಗೂ ಅವಳು ಕಣ್ಣು ಮಿಟುಕಿಸದೆ ಕಂಬದ ಕಡೆ ನೋಡುತ್ತ, ಒಂದು ಸಲ ಸೀರೆ ಎಳೆಯೇ ನನ್ನವ್ವ, ಒಂದು ಸಲ, ಎಂದು ಒಳಗೊಳಗೇ ಹೇಳಿಕೊಳ್ಳುತ್ತ ಕೂತಳು.